ಗ್ರಿಮ್‌ಶಾನ ಕ್ಲಾಗೂ ಕಣ್ಣಿಲ್ಲದ ಹಕ್ಕಿಯೂ

ನಲವತ್ತು ವರ್ಷ ಬಟ್ಟೆಯಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು ನಾನು. ಬ್ರಾಡ್‌ಕ್ಲಫ್ ಊರಿನ ಹತ್ತಿ ಗಿರಣಿಯಲ್ಲಿ ನೇಯ್ದು ಬಂದ ಥಾನನ್ನೆಲ್ಲ ಮೇಜಿನ ಮೇಲೆ ಎಳೆದು, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಎಣ್ಣೆ ಕಲೆಯಾಗಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ಗಿರಣಿ ಮುಚ್ಚಿದ ಮೇಲೆ ಅದೇ ಕೆಲಸವನ್ನು ನೆರೆಹೊರೆಯವರ ಮೇಲೆ ಬಿಟ್ಟಿಯಾಗಿ ಮಾಡುತ್ತಿದ್ದೇನೆ. ಆದ್ದರಿಂದ ಎದುರುಮನೆಯ ಸಿರಿಲ್ ಗ್ರಿಮ್‌ಶಾ ಎಲ್ಲಿ ಎಳೆ ಬಿಟ್ಟ ಎಂದು ನಾನು ಹೇಳಿದರೆ ನೀವು ಧಾರಾಳವಾಗಿ ನಂಬಬಹುದು.

ಸಿರಿಲ್ ನಮ್ಮ ಗಿರಣಿಯಲ್ಲಿ ಟ್ಯಾಕ್ಲರ್ ಆಗಿದ್ದ. ಅಂದರೆ ಮಗ್ಗ ಕೆಟ್ಟು ನಿಂತರೆ ಸುತ್ತಿಗೆ ಹಿಡಿದು ಓಡಿಬರುವವ. ಅವನ ಅಪ್ಪನೂ ಅದೇ ಕೆಲಸದವನು. ನಮ್ಮ ಕಡೆ ಟ್ಯಾಕ್ಲರ್ ಎಂದರೆ ದಡ್ಡ ಎಂದೇ ಲೆಕ್ಕ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಮಂಜು ಕವಿದ ದಿನ ದಾರಿ ತಪ್ಪಬಾರದೆಂದು ಸಿರಿಲ್ ಬೆಳಗ್ಗೆ ಯಾವುದೋ ಬಾಗಿಲಿಗೆ ನೂಲು ಕಟ್ಟಿ ಕೆಲಸಕ್ಕೆ ಹೋದನಂತೆ, ಸಂಜೆ ಅದನ್ನೇ ಸುತ್ತಿಕೊಳ್ಳುತ್ತ ಬಂದು ಬೇರೆಯವರ ಮನೆಯಲ್ಲಿ ಊಟ ಮಾಡಿ ಮಲಗಿದನಂತೆ. ಇದು ನಿಜವೋ ಸುಳ್ಳೋ ಗೊತ್ತಿಲ್ಲ, ಆದರೆ ಊರೆಲ್ಲ ನಲವತ್ತು ವರ್ಷದಿಂದ ಅದನ್ನು ಹೇಳಿ ನಗುತ್ತಿದೆ. ಅರವತ್ತೆಂಟು ವರ್ಷದ ಆ ಮನುಷ್ಯನನ್ನು ಅಲ್ಲಿಯತನಕ ಯಾರೂ ಒಂದು ವಿಷಯದ ಬಗ್ಗೆಯೂ ಗೌರವದಿಂದ ಕೇಳಿದ್ದಿಲ್ಲ. ಮುಂದಿನ ಅನಾಹುತಕ್ಕೆಲ್ಲ ಇದೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ವರ್ಷ, ಅಂದರೆ ಎಂಬತ್ತನಾಲ್ಕರಲ್ಲಿ, ನಗರದ ಮ್ಯೂಸಿಯಂನವರು ಹೊಸ ಸಭಾಂಗಣ ಮಾಡಿದರು. ಒಂದು ಕಡೆ ನಮ್ಮ ಗಿರಣಿಯ ಎರಡು ಮಗ್ಗ, ಇನ್ನೊಂದು ಕಡೆ ನಮ್ಮ ಕ್ಲಾಗ್ ಕುಣಿತ. ಚರ್ಮದ ಮೇಲ್ಭಾಗ, ಮರದ ಅಟ್ಟೆ ಇರುವ ಬೂಟಿಗೆ ಕ್ಲಾಗ್ ಎನ್ನುತ್ತೇವೆ. ಕೆಲಸದ ಕ್ಲಾಗಿಗೆ ಅಡಿಯಲ್ಲಿ ಕಬ್ಬಿಣದ ಲಾಳ ಬಡಿದಿರುತ್ತದೆ, ಕುಣಿಯುವ ಕ್ಲಾಗು ಹಗುರ. ಚಳಿಯಲ್ಲಿ ಮಗ್ಗದ ಮುಂದೆ ನಿಂತ ಹೆಂಗಸರ ಕಾಲು ಮಗ್ಗದ ತಾಳಕ್ಕೆ ತಾನಾಗಿ ಆಡಿ ಆಡಿ ಹುಟ್ಟಿದ ಕುಣಿತ ಅದು. ಹಳೆಯ ಸಾಮಾನು ಇದ್ದವರು ತಂದುಕೊಡಿ ಎಂದು ಮ್ಯೂಸಿಯಂನವರು ಕೇಳಿಕೊಂಡಾಗ ಸಿರಿಲ್ ಅಟ್ಟ ಹತ್ತಿದ. ಹಳೆಯ ಕಲ್ಲಿದ್ದಲ ಬುಟ್ಟಿಯ ಕೆಳಗೆ ಒಂದು ಜೊತೆ ಕ್ಲಾಗು ಸಿಕ್ಕಿತು. ಹಗುರವಾದದ್ದು, ಎರಡರ ಮೂತಿಯ ಮೇಲೂ ಹಿತ್ತಾಳೆ ಮೊಳೆಗಳಲ್ಲಿ ಬಿಡಿಸಿದ ಹಕ್ಕಿ. ಎಡಗಾಲಿನ ಹಕ್ಕಿಗೆ ಕಣ್ಣಿನ ಮೊಳೆ ಬಿದ್ದುಹೋಗಿತ್ತು.

ಮ್ಯೂಸಿಯಂನ ಅಧಿಕಾರಿ ಮಿಸ್ ಆಶ್‌ಡೌನ್ ನಮ್ಮ ಕಡೆಯವಳಲ್ಲ, ದೇಶದ ದಕ್ಷಿಣದವಳು, ರೇಡಿಯೋದಲ್ಲಿ ಸುದ್ದಿ ಓದುವವರ ಹಾಗೆ ಮಾತಾಡುತ್ತಾಳೆ. ಬಿಳಿ ಕೈಗವಸು ಹಾಕಿಕೊಂಡು ಕ್ಲಾಗನ್ನು ಹಸುಗೂಸಿನ ಹಾಗೆ ಎತ್ತಿಕೊಂಡಳು. ಯಾರದ್ದು ಎಂದು ಕೇಳಿದಳು. ಅಪ್ಪನದ್ದು ಎಂದ ಸಿರಿಲ್. ಅಲ್ಲಿಯವರೆಗೆ ಅವನು ನಂಬಿದ್ದೂ ಅದನ್ನೇ.

"ನಿಮ್ಮ ತಂದೆಯವರು ಕುಣೀತಿದ್ರಾ, ಗ್ರಿಮ್‌ಶಾ ಅವರೇ?" ಎಂದಳು, ಪೆನ್ನು ತೆರೆದು.

ಅವರೇ ಎಂಬ ಆ ಒಂದು ಮಾತಿಗೆ ಮನುಷ್ಯ ಕರಗಿಹೋದ. "ಚಾಂಪಿಯನ್ನು" ಎಂದುಬಿಟ್ಟ. ಯಾವ ವರ್ಷ ಎಂದದ್ದಕ್ಕೆ ಬಾಯಿಗೆ ಬಂದದ್ದು ಮೂವತ್ತಾರು. ನಿಮಗೂ ಕಲಿಸಿದ್ದರಾ ಎಂದದ್ದಕ್ಕೆ, ಎಲ್ಲ ಕಲಿಸಿಯೇ ಹೋದರು ಎಂದ. ಅವನ ಅಪ್ಪ ಜೀವಮಾನದಲ್ಲಿ ಎರಡೂ ಕಾಲು ಒಟ್ಟಿಗೆ ಎತ್ತಿದ್ದು ಮಂಚ ಹತ್ತುವಾಗ ಮಾತ್ರ.

ವಾರದೊಳಗೆ ಊರಿನ ಪತ್ರಿಕೆಯಲ್ಲಿ ಬಂತು. ಮೂವತ್ತಾರರ ಕ್ಲಾಗ್ ಚಾಂಪಿಯನ್ ಜೆಮ್ ಗ್ರಿಮ್‌ಶಾ ಧರಿಸಿದ್ದ ಕ್ಲಾಗುಗಳು ಪ್ರದರ್ಶನಕ್ಕೆ, ಉದ್ಘಾಟನೆಯ ದಿನ ಮಗ ಸಿರಿಲ್ ಗ್ರಿಮ್‌ಶಾ ಅವರಿಂದ ಕುಣಿತ. ಸಿರಿಲ್ ಅದನ್ನು ಮೂರು ಸಲ ಓದಿ, ಮೂರನೆಯ ಸಲ ಕುಳಿತುಕೊಂಡ. ಅವನ ಹೆಂಡತಿ ಡೋರೀನ್ ಪತ್ರಿಕೆಯ ಆರು ಪ್ರತಿ ತಂದು ಬೀದಿಯ ಆರು ಮನೆಗೆ ಹಂಚಿ, ಬಂದ ಕಾಲಲ್ಲೇ ಹೋಗಿ ಹೊಸ ಹ್ಯಾಟು ಕೊಂಡಳು. ಅದರ ಮೇಲೆ ಒಂದು ಗೊಂಚಲು ಚೆರ್ರಿ ಹಣ್ಣು ತೂಗುತ್ತಿತ್ತು. ಇಷ್ಟು ವರ್ಷ ನನ್ನ ಹತ್ತಿರ ಯಾಕೆ ಮುಚ್ಚಿಟ್ಟೆ ಎಂದು ಗಂಡನನ್ನು ಪ್ರೀತಿಯಿಂದ ಬೈದಳಂತೆ. ಮದುವೆಯಾಗಿ ನಲವತ್ತನಾಲ್ಕು ವರ್ಷಕ್ಕೆ ಹೆಂಡತಿ ತನ್ನನ್ನು ಹಾಗೆ ನೋಡಿದ್ದು ಅದೇ ಮೊದಲು, ಹೇಗೆ ಬಾಯಿ ಬಿಡಲಿ ಎಂದು ನನ್ನ ಹತ್ತಿರ ಗೋಳಾಡಿದ.

ಗುರುವಾರ ಸಂಜೆ ಸಿರಿಲ್ ಮನೆಗೆ ಅವನ ಪಕ್ಕದ ಮನೆಯ ಹಿಲ್ಡಾ ಬ್ಯಾಂಕ್ರಾಫ್ಟ್ ಬಂದಳು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ. ಹಿಲ್ಡಾಗೆ ಎಪ್ಪತ್ತು, ಮೂವತ್ತೈದು ವರ್ಷ ಮಗ್ಗ ನಡೆಸಿದವಳು. ನೂರಾರು ಮಗ್ಗಗಳ ಗದ್ದಲದಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ನಮ್ಮ ನೇಯುವವರೆಲ್ಲ ಶಬ್ದವೇ ಇಲ್ಲದೆ ತುಟಿಯನ್ನು ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು. ಆ ತುಟಿಮಾತು ಹಿಲ್ಡಾಗೆ ಎಷ್ಟು ಅಭ್ಯಾಸವೆಂದರೆ ಈಗಲೂ ರಸ್ತೆಯ ಈಚೆ ನಿಂತು ಆಚೆಯವರ ಸಂಸಾರದ ಗುಟ್ಟನ್ನು ಆಚೆಯವರ ತುಟಿಯಿಂದಲೇ ತಿಳಿದುಕೊಳ್ಳುತ್ತಾಳೆ. ಅಂದು ಮಾತ್ರ ಬಾಯಿಬಿಟ್ಟೇ ಮಾತಾಡಿದಳು.

"ಮೂವತ್ತಾರಾ?" ಎಂದಳು, ಕೂರುವ ಮೊದಲೇ. "ಮೂವತ್ತಾರರಲ್ಲಿ ನಮ್ಮಪ್ಪ ಕುಣಿದಿದ್ದು. ನಿಮ್ಮಪ್ಪನ್ನ ವೇದಿಕೆ ಮೇಲೆ ನಾನು ನೋಡ್ಲೇ ಇಲ್ವಲ್ಲ, ಸಿರಿಲ್."

ಸಿರಿಲ್ ಬೇರೆ ಊರಿನ ಸ್ಪರ್ಧೆ ಇರಬೇಕು ಎಂದು ಗೊಣಗಿದ. ಹಿಲ್ಡಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಎದೆಯಲ್ಲಿದ್ದದ್ದು ಬೇರೆ, ಅದನ್ನು ನಾವು ಕೇಳಬೇಕಾಯಿತು.

ಅವಳ ಅಪ್ಪ ಆಮೋಸ್ ಬ್ಯಾಂಕ್ರಾಫ್ಟ್ ಮೂರು ವರ್ಷ ಮೇಲಿಂದ ಮೇಲೆ ಗೆದ್ದವನು. ನಾಲ್ಕನೆಯ ಸಲ ಗೆದ್ದರೆ ಚಾಂಪಿಯನ್ನಿಗೆ ಕೊಡುವ ಬೆಳ್ಳಿಯ ಬೆಲ್ಟು ಅವನ ಪಾಲಿಗೇ ಖಾಯಂ. ಬೇಸಿಗೆ ರಜೆಗೆ ಗಿರಣಿ ಮುಚ್ಚುವ ಹಿಂದಿನ ದಿನ ಕ್ಲಾಗನ್ನು ಹೊಸ ಅಟ್ಟೆ ಹಾಕಲು ಕೊಟ್ಟಿದ್ದ. ಊರಿಗೆ ಊರೇ ರಜೆಗೆ ಹೊರಟ ಗಡಿಬಿಡಿಯಲ್ಲಿ ಕ್ಲಾಗ್ ಮಾಡುವವನ ಬೆಂಚಿನ ಮೇಲೆ ಹಳೆ ಪತ್ರಿಕೆಯಲ್ಲಿ ಸುತ್ತಿದ ಅರವತ್ತು ಗಂಟು. ಮರುದಿನ ವೇದಿಕೆಯ ಹಿಂದೆ ಆಮೋಸ್ ತನ್ನ ಗಂಟು ಬಿಚ್ಚಿದರೆ ಒಳಗಿದ್ದದ್ದು ಯಾರದೋ ಒಂಬತ್ತನೇ ನಂಬರಿನ, ಲಾಳ ಬಡಿದ, ಕೆಲಸದ ಕ್ಲಾಗು. ಅಷ್ಟರಲ್ಲಿ ಹೆಸರು ಕೂಗಿಯಾಗಿತ್ತು. ಅದನ್ನೇ ಹಾಕಿಕೊಂಡು ಹತ್ತಿದ. ಆಗೆಲ್ಲ ತೀರ್ಪುಗಾರರು ಕುಣಿಯುವವನ ಮುಖ ನೋಡಬಾರದೆಂದು ವೇದಿಕೆಯ ಅಡಿಯಲ್ಲಿ ಕೂತು, ಬರೀ ಕಾಲಿನ ಸದ್ದಿಗೆ ಅಂಕ ಕೊಡುತ್ತಿದ್ದರು. ಅವರು ಕೆಳಗಿನಿಂದ ಕಳಿಸಿದ ಚೀಟಿಯಲ್ಲಿ ಏಳನೆಯ ಸ್ಪರ್ಧಿಯ ಮುಂದೆ ಬರೆದಿದ್ದದ್ದು ಒಂದೇ ಪದ, ಕುದುರೆ.

"ಆಮೇಲೆ ನಮ್ಮಪ್ಪ ಕುಣೀಲೇ ಇಲ್ಲ" ಎಂದಳು ಹಿಲ್ಡಾ. "ಹಕ್ಕಿ ಕಣ್ಣಿನ ಮೊಳೆ ಬಿದ್ದೋಗಿತ್ತು, ಒಲೆ ಕೆಳಗೆ ಸಿಕ್ತು ನಂಗೆ. ಅದನ್ನ ಹಿಡ್ಕೊಂಡು ವೇದಿಕೆ ಹಿಂದೆ ನಿಂತಿದ್ದೆ ನಾನು. ಇವತ್ತಿಗೂ ಇದೆ ನನ್ನ ಹತ್ರ. ಕಳ್ಳನ ಕ್ಲಾಗೂ ಇದೆ. ಬಲ ಹಿಮ್ಮಡಿ ಹೊರಗಡೆಗೆ ಸವೆದಿದೆ."

ಸಿರಿಲ್ ಮೆಲ್ಲಗೆ ತನ್ನ ಕಾಲುಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡ. ಅವನ ಬಲ ಹಿಮ್ಮಡಿ ಹೊರಗಡೆಗೆ ಸವೆಯುತ್ತದೆ. ಅವನ ಅಪ್ಪನದ್ದೂ ಹಾಗೆಯೇ ಸವೆಯುತ್ತಿತ್ತು. ಇಪ್ಪತ್ತು ವರ್ಷದ ಸಿರಿಲ್ ಆ ರಜೆಯ ಹಿಂದಿನ ದಿನ ಅಪ್ಪನ ಕ್ಲಾಗು ತರಲು ಹೋಗಿ, ಕೈಗೆ ಸಿಕ್ಕ ಗಂಟನ್ನು ಎತ್ತಿಕೊಂಡು ಬಂದದ್ದು, ಅಪ್ಪ ರಜೆ ಮುಗಿಸಿ ಬಂದು ಕಾಲು ತೂರಿಸಲಾಗದೆ ಕ್ಲಾಗು ಕುಗ್ಗಿಹೋಗಿದೆ ಎಂದು ಬೈದು ಅಟ್ಟಕ್ಕೆ ಎಸೆದದ್ದು, ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ಈಗ ಅಟ್ಟದಲ್ಲಿ ಸಿಕ್ಕಾಗ ನೋಡಿದರೆ ಹಕ್ಕಿ ಇತ್ತು, ಅಂದರೆ ಇದು ಕುಣಿಯುವ ಕ್ಲಾಗು, ಅಂದರೆ ಅಪ್ಪ ಗುಟ್ಟಾಗಿ ಕುಣಿಯುತ್ತಿದ್ದ ಎಂದು ತರ್ಕ ಮಾಡಿದ್ದ ಆ ಮನುಷ್ಯ. ಟ್ಯಾಕ್ಲರನ ತರ್ಕ ಹೀಗಿರುತ್ತದೆ.

ಹೋಗುವ ಮುನ್ನ ಹಿಲ್ಡಾ ಬಾಗಿಲಲ್ಲಿ ನಿಂತು, ಉದ್ಘಾಟನೆಗೆ ಹಳೆಯ ನೇಯುವವರೆಲ್ಲ ಬರುತ್ತಾರೆ, ಅಂದು ಆ ಕಳ್ಳನ ಜೊತೆಯನ್ನು ವೇದಿಕೆಯ ಮೇಲಿಟ್ಟು ಇದು ಯಾರ ಮನೆಯದ್ದು ಎಂದು ಊರಿಗೆ ಊರನ್ನೇ ಕೇಳುತ್ತೇನೆ ಎಂದಳು. ನಲವತ್ತೆಂಟು ವರ್ಷ ಪ್ರತಿ ಶವಸಂಸ್ಕಾರದಲ್ಲೂ ಸತ್ತವನ ಕಾಲಿನ ಅಳತೆ ನೋಡಿದ್ದೇನೆ, ಇನ್ನು ನನಗೆ ಪುರುಸೊತ್ತಿಲ್ಲ ಎಂದಳು.

ಆಮೇಲಿನ ಒಂಬತ್ತು ದಿನ ಸಿರಿಲ್‌ಗೆ ಅನ್ನಾಹಾರ ಸೇರಲಿಲ್ಲ. ಹಿಲ್ಡಾ ಹೋದ ರಾತ್ರಿಯೇ ನನ್ನೆದುರು ಎಲ್ಲ ಕಕ್ಕಿದ್ದ. ಹೋಗಿ ಅವಳಿಗೆ ಹೇಳಿಬಿಡು ಎಂದು ನಾನು ದಿನಾ ಹೇಳಿದೆ. ಎರಡು ಸಲ ಹೋದ. ಮೊದಲ ಸಲ ಹಿಲ್ಡಾ ಆಗಷ್ಟೇ ಆಲೂಗಡ್ಡೆ ಮಾಂಸದ ಕಡುಬು ಬೇಯಿಸಿದ್ದಳು, ಪಾಪ ಸೊರಗಿದ್ದೀಯ ಎಂದು ಎರಡು ಬಡಿಸಿದಳು, ತಿಂದು ಬಂದ. ಎರಡನೆಯ ಸಲ ಅವಳ ಅಡುಗೆಮನೆಯ ಮೇಜಿನ ಮೇಲೆ ಆ ಒಂಬತ್ತನೇ ನಂಬರಿನ ಕ್ಲಾಗುಗಳಿಗೆ ಎಣ್ಣೆ ಹಚ್ಚಿ ಇಟ್ಟಿದ್ದಳು, ತಿನ್ನದೆಯೇ ಬಂದ. ಹಾಗಾದರೆ ಮ್ಯೂಸಿಯಂನಿಂದ ಹಕ್ಕಿಯ ಕ್ಲಾಗನ್ನು ವಾಪಸು ತಂದುಬಿಡೋಣ ಎಂದು ಅಲ್ಲಿಗೆ ಓಡಿದ. ವಸ್ತುವಿಗೆ ನಂಬರು ಬಿದ್ದ ಮೇಲೆ ಅದು ನಗರದ ಸ್ವತ್ತು, ವಾಪಸು ಬೇಕಾದರೆ ಸಮಿತಿಗೆ ಅರ್ಜಿ, ಸಮಿತಿ ಸೇರುವುದು ಮುಂದಿನ ಚಳಿಗಾಲ ಎಂದಳು ಮಿಸ್ ಆಶ್‌ಡೌನ್. ಸುಮ್ಮನೆ ಒಂದು ಸಲ ಒರೆಸಿ ಕೊಡುತ್ತೇನೆ ಎಂದು ಬೇಡಿಕೊಂಡ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನಿಂದ ಹಾಳಾಗುತ್ತದೆ ಎಂದಳು. ಅವನ ಮುಖ ನೋಡಿ ಅವಳಿಗೆ ಕಣ್ಣು ತುಂಬಿ ಬಂತಂತೆ. ಈ ಕಾಲದಲ್ಲಿ ತಂದೆಯ ನೆನಪಿಗೆ ಇಷ್ಟು ಮಿಡಿಯುವ ಮಗ ಎಲ್ಲಿ ಸಿಗುತ್ತಾನೆ ಎಂದು ಕ್ಲಾಗಿನ ಪೆಟ್ಟಿಗೆಯ ಫಲಕದಲ್ಲಿ ಇನ್ನೊಂದು ಸಾಲು ಸೇರಿಸಿದಳು.

ಶನಿವಾರ ಹನ್ನೊಂದು ಗಂಟೆಗೆ ಸಭಾಂಗಣ ತುಂಬಿತ್ತು. ಅರವತ್ತು ಜನ ಹಳೆಯ ನೇಯುವವರು, ಅರ್ಧಕ್ಕರ್ಧ ಜನ ಅಂದಿನ ಗೌರವಕ್ಕೆ ಕ್ಲಾಗನ್ನೇ ಹಾಕಿಕೊಂಡು ಬಂದಿದ್ದರು. ಮೊದಲ ಸಾಲಿನಲ್ಲಿ ಡೋರೀನಳ ಚೆರ್ರಿ ಹಣ್ಣು. ಅದರ ಪಕ್ಕ ಹಿಲ್ಡಾ, ಕಾಲಲ್ಲಿ ಕ್ಲಾಗು, ಮಡಿಲಲ್ಲಿ ಒಂದು ಚೀಲ. ಚೀಲದ ತಳ ಎರಡು ಕಡೆ ಉಬ್ಬಿತ್ತು. ಅವಳ ಕುರ್ಚಿಯಿಂದ ಮೂರೇ ಅಡಿ ದೂರದಲ್ಲಿ ಗಾಜಿನ ಪೆಟ್ಟಿಗೆ, ಅದರ ಮೇಲೆ ಹಸಿರು ಬಟ್ಟೆ. ಮಿಸ್ ಆಶ್‌ಡೌನ್ ಹಳೆಯ ಪದ್ಧತಿಯನ್ನು ಎಲ್ಲೋ ಓದಿ, ಮೇಯರ್ ಸಾಹೇಬರನ್ನು ಚಿನ್ನದ ಸರದ ಸಮೇತ ವೇದಿಕೆಯ ಅಡಿಗೆ ಕಳಿಸಿದ್ದಳು. ಕುರ್ಚಿ ಇರುತ್ತದೆ ಎಂದುಕೊಂಡು ಒಪ್ಪಿದ ಅವರಿಗೆ ಸಿಕ್ಕಿದ್ದು ಒಂದು ಮೊಣಕಾಲೆತ್ತರದ ಸ್ಟೂಲು ಮತ್ತು ಪೆನ್ಸಿಲು.

ಕಾರ್ಯಕ್ರಮ ಹೀಗಿತ್ತು: ಸಿರಿಲ್ ಅರ್ಧ ನಿಮಿಷ ಮಗ್ಗ ಓಡಿಸಿ ನಿಲ್ಲಿಸುವುದು, ಕುಣಿಯುವುದು, ಆಮೇಲೆ ಬಟ್ಟೆ ಸರಿಸುವುದು. ಸಿರಿಲ್ ಬಂದ. ಟ್ಯಾಕ್ಲರನ ನೀಲಿ ಅಂಗಿ, ಜೇಬಿನಲ್ಲಿ ಸುತ್ತಿಗೆ, ಮುಖದಲ್ಲಿ ರಕ್ತವಿಲ್ಲ. ಒಂದು ಮಗ್ಗ ಓಡಿಸಿದ. ಇನ್ನೊಂದು ಓಡಿಸಿದ. ನೆಲ ನಡುಗಿತು, ಕಿಟಕಿ ಅದುರಿತು, ನನ್ನ ಪಕ್ಕದವನು ಏನೋ ಹೇಳಿದ್ದು ಕೇಳಿಸಲಿಲ್ಲ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು, ಅವನು ನಿಲ್ಲಿಸಲಿಲ್ಲ. ಹಾಗೆಯೇ ಬಿಟ್ಟು ವೇದಿಕೆ ಹತ್ತಿದ. ಗದ್ದಲವಿದ್ದರೆ ತನ್ನ ಕಾಲಿನ ಸದ್ದು ಯಾರಿಗೂ ಕೇಳುವುದಿಲ್ಲ ಎಂಬುದಷ್ಟೇ ಅವನ ಉಪಾಯ. ಮಿಸ್ ಆಶ್‌ಡೌನ್ ಕೈ ಬೀಸಿ ಕೂಗಿದಳು. ಕೂಗಿದ್ದು ಅವಳಿಗೇ ಕೇಳಿಸದೆ, ಕಾರ್ಯಕ್ರಮ ಮುಂದೆ ಹೋಗಿರಬೇಕೆಂದು ಗಾಬರಿಯಲ್ಲಿ ಬಟ್ಟೆ ಎಳೆದುಬಿಟ್ಟಳು.

ಹಿಲ್ಡಾ ತಲೆ ತಿರುಗಿಸಿದಳು. ಹಿತ್ತಾಳೆ ಹಕ್ಕಿಗಳನ್ನು ನೋಡಿದಳು, ಎಡಗಾಲಿನ ಕಣ್ಣಿಲ್ಲದ ಹಕ್ಕಿಯನ್ನು ನೋಡಿದಳು. ಫಲಕದ ಮೇಲಿನ ಹೆಸರು ಓದಿದಳು. ಎದ್ದಳು. ಚೀಲದಿಂದ ಆ ದೊಡ್ಡ ಕ್ಲಾಗುಗಳನ್ನು ತೆಗೆದು ವೇದಿಕೆಯ ಅಂಚಿನಲ್ಲಿ, ಸಿರಿಲ್‌ನ ಕಾಲಿನ ಮುಂದೆಯೇ ಇಟ್ಟಳು.

ಅವಳ ತುಟಿ ಆಡಿತು. "ಇದು ಯಾರದು?"

ಮಗ್ಗಗಳು ಭೋರ್ಗರೆಯುತ್ತಿದ್ದವು. ಮಗ್ಗದ ಲಾಳಿಯಲ್ಲಿರುವ ಕಂಡಿಕೆಯ ನೂಲು ಐದಾರು ನಿಮಿಷ ಬರುತ್ತದೆ, ಅದು ಮುಗಿದರೆ ಮಗ್ಗ ತಾನಾಗಿ ನಿಲ್ಲುತ್ತದೆ. ಮೂರು ನಿಮಿಷ ಆಗಲೇ ಕಳೆದಿತ್ತು. ಉಳಿದದ್ದು ಎಷ್ಟು ಎಂದು ಆ ಸಭಾಂಗಣದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಸಿರಿಲ್.

"ನಮ್ಮಪ್ಪಂದು" ಎಂದಿತು ಅವನ ತುಟಿ. ಅರವತ್ತು ತಲೆ ಒಟ್ಟಿಗೆ ಅವನತ್ತ ತಿರುಗಿದವು. "ಗಂಟು ಬದ್ಲಾಯಿಸ್ಕೊಂಡು ಬಂದೋನು ನಾನು ಹಿಲ್ಡಾ. ಅಪ್ಪಂಗೆ ಗೊತ್ತಿರ್ಲಿಲ್ಲ. ನೀನು ಹೇಳೋ ತನಕ ನಂಗೂ ಗೊತ್ತಿರ್ಲಿಲ್ಲ."

"ಚಾಂಪಿಯನ್ ಅಂದಿದ್ದು?"

"ಅದು ಬರೀ ಸುಳ್ಳು. ಯಾರೂ ಯಾವತ್ತೂ ನನ್ನ ಏನೂ ಕೇಳಿರ್ಲಿಲ್ಲ. ಆಕೆ ಕೇಳಿದ್ಲು, ಬಾಯಿಗೆ ಬಂದ್ಬಿಡ್ತು." ಅವನ ಕೆನ್ನೆ ಒದ್ದೆಯಾಗಿತ್ತು. "ನಿಮ್ಮಪ್ಪ ಕುಣಿಯೋದು ಬಿಟ್ಟಿದ್ದು ನನ್ನಿಂದ."

ಡೋರೀನ್ ಇಪ್ಪತ್ತು ವರ್ಷ ಮಗ್ಗ ನಡೆಸಿದವಳು. ಅವಳಿಗೆ ಒಂದು ಪದವೂ ತಪ್ಪಲಿಲ್ಲ. ಅವಳ ಹ್ಯಾಟಿನ ಚೆರ್ರಿಗಳು ಅಲ್ಲಾಡದೆ ನಿಂತವು. ಮಿಸ್ ಆಶ್‌ಡೌನ್ ಮಾತ್ರ ಕುಣಿತದ ಮೊದಲು ಮುಖದಲ್ಲಿ ಭಾವ ತೋರಿಸುವ ಪದ್ಧತಿ ಇದೆ ಎಂದುಕೊಂಡು ಭರಭರನೆ ಬರೆದುಕೊಳ್ಳುತ್ತಿದ್ದಳು.

ಮೊದಲ ಮಗ್ಗ ನಿಂತಿತು. ಹಿಲ್ಡಾ ಇನ್ನೂ ಅವನನ್ನೇ ನೋಡುತ್ತಿದ್ದಳು. ಅವಳು ಈಗ ಬಾಯಿ ತೆರೆದರೆ ಎರಡನೆಯ ಮಗ್ಗ ನಿಲ್ಲುವಷ್ಟರಲ್ಲಿ ಪತ್ರಿಕೆಯವನಿಗೂ ಗೊತ್ತಾಗುತ್ತದೆ, ಮೇಯರಿಗೂ ಗೊತ್ತಾಗುತ್ತದೆ, ಸಾಯುವತನಕ ಸಿರಿಲ್ ಗ್ರಿಮ್‌ಶಾ ಈ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ನಲವತ್ತೆಂಟು ವರ್ಷ ಕಾದವಳು ಅವಳು. ಅವಳು ಹಾಗೆ ಮಾಡಿದ್ದರೆ ನಾನೇನೂ ತಪ್ಪು ಎನ್ನುತ್ತಿರಲಿಲ್ಲ.

"ಹಾಕ್ಕೋ" ಎಂದಿತು ಅವಳ ತುಟಿ.

ಅವನು ಅಪ್ಪನ ಕ್ಲಾಗುಗಳಲ್ಲಿ ಕಾಲು ತೂರಿಸಿದ. ಸರಿಯಾಗಿ ಕೂತವು. ಅವಳು ಮೆಟ್ಟಿಲು ಹತ್ತಿ ಅವನ ಪಕ್ಕ ಬಂದು ನಿಂತಳು. "ಎಡಗಾಲು ಮೊದ್ಲು. ಇದು ನಮ್ಮಪ್ಪನ ಹೆಜ್ಜೆ, ನೆಟ್ಟಗೆ ಹಾಕು."

ಎರಡನೆಯ ಮಗ್ಗವೂ ನಿಂತಿತು. ಆ ಮೌನದಲ್ಲಿ ಹಿಲ್ಡಾಳ ಕಾಲು ಮಾತ್ರ ಕೇಳುತ್ತಿತ್ತು. ಹಿಮ್ಮಡಿ, ತುದಿ, ಹಿಮ್ಮಡಿ, ತುದಿ. ಎಪ್ಪತ್ತು ವರ್ಷದ ಹೆಂಗಸಿನ ಕಾಲು ಅಂತ ಹೇಳಿದರೆ ಯಾರೂ ನಂಬಲಾರರು, ಹಾಗಿತ್ತು. ಅದರ ಪಕ್ಕದಲ್ಲಿ ಅರ್ಧ ತಾಳ ತಡವಾಗಿ ಸಿರಿಲ್‌ನ ಲಾಳಗಳು ಬೀಳುತ್ತಿದ್ದವು, ಯಾರೋ ಮೆಟ್ಟಿಲ ಮೇಲಿಂದ ಕಪಾಟು ಉರುಳಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ಕುರ್ಚಿಗಳ ಕೆಳಗೆ ಒಂದು ಕಾಲು ಆಡಿತು, ಆಮೇಲೆ ಹತ್ತು, ಆಮೇಲೆ ಎಲ್ಲವೂ. ಮಗ್ಗ ನಿಂತಿದ್ದರೂ ಅದರ ತಾಳ ನೆಲದಲ್ಲಿ ಓಡುತ್ತಲೇ ಇತ್ತು. ಡೋರೀನಳ ಚೆರ್ರಿಗಳೂ ಆಡಿದವು. ನಾನೂ ಕಾಲು ಹಾಕಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕುಣಿತ ಮುಗಿದಾಗ ವೇದಿಕೆಯ ಅಡಿಯಿಂದ ಮೇಯರ್ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದರು. ಮೊದಲನೆಯವರಿಗೆ ಒಂಬತ್ತೂವರೆ. ಎರಡನೆಯದರ ವಿಷಯದಲ್ಲಿ ಅವರಿಗೆ ಸ್ವಲ್ಪ ಗೊಂದಲವಿತ್ತು. "ಕಾರ್ಯಕ್ರಮದಲ್ಲಿ ಕುದುರೆ ಇದೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ" ಎಂದರು.

ಹಿಲ್ಡಾ ವೇದಿಕೆಯ ಅಂಚಿನಲ್ಲಿ ಕುಸಿದು ಕೂತಳು. ಅಳುತ್ತಿದ್ದಾಳೆ ಎಂದುಕೊಂಡೆ, ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಮೂವತ್ತಾರರಲ್ಲಿ ಅವಳ ಅಪ್ಪನ ಕೈಗೆ ಸಿಕ್ಕ ಚೀಟಿ ಇಷ್ಟು ವರ್ಷದ ಮೇಲೆ ಸರಿಯಾದ ವಿಳಾಸಕ್ಕೆ ಬಂದು ತಲುಪಿತ್ತು. ನಗು ನಿಂತ ಮೇಲೆ ಅವಳು ಮಿಸ್ ಆಶ್‌ಡೌನಳನ್ನು ಕರೆದು, ಆ ಪೆಟ್ಟಿಗೆಯಲ್ಲಿರುವುದು ತನ್ನ ಅಪ್ಪ ಆಮೋಸ್ ಬ್ಯಾಂಕ್ರಾಫ್ಟನ ಕ್ಲಾಗು, ಗ್ರಿಮ್‌ಶಾ ಮನೆಯವರು ಇಷ್ಟು ದಿನ ಜೋಪಾನವಾಗಿ ಇಟ್ಟಿದ್ದರು, ಹಾಗೆ ಬರೆಯಿರಿ ಎಂದಳು. ಅದರ ಕೀಲಿ ತೆಗೆಯಿರಿ ಎಂದೂ ಹೇಳಿದಳು. ನಿಯಮದ ಪ್ರಕಾರ ಎಂದು ಮಿಸ್ ಆಶ್‌ಡೌನ್ ಶುರುಮಾಡಿದಳು. ಅರವತ್ತು ಜನ ನೇಯುವವರು ಸುಮ್ಮನೆ ಅವಳನ್ನು ನೋಡಿದರು. ಕೀಲಿ ಬಂತು.

ಹಿಲ್ಡಾ ಪರ್ಸಿನಿಂದ ಒಂದು ಸಣ್ಣ ಗುಳಿಗೆ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಒಂದು ಹಿತ್ತಾಳೆ ಮೊಳೆ. ಅದನ್ನು ಸಿರಿಲ್‌ನ ಅಂಗೈ ಮೇಲೆ ಇಟ್ಟಳು. ಅವನ ಕೈ ನಡುಗುತ್ತಿತ್ತು. ಎಡಗಾಲಿನ ಕ್ಲಾಗನ್ನು ವೇದಿಕೆಯ ಹಲಗೆಯ ಮೇಲೆ ಇಟ್ಟು, ಮಂಡಿಯೂರಿ, ಜೇಬಿನಿಂದ ಸುತ್ತಿಗೆ ತೆಗೆದ. ಸುತ್ತಿಗೆ ಕೈಗೆ ಬಂದ ತಕ್ಷಣ ನಡುಕ ನಿಂತಿತು. ಮೂರು ಏಟು ಹಾಕಿದ, ಒಂದರ ಹಿಂದೆ ಒಂದು, ಅಚ್ಚುಕಟ್ಟಾಗಿ. ಹಕ್ಕಿಗೆ ಕಣ್ಣು ಬಂತು.

ಮೇಯರನ್ನು ಹೊರಗೆ ಕರೆಯಲು ಎಲ್ಲರೂ ಮರೆತಿದ್ದರು. ಹಲಗೆಯ ಕೆಳಗಿನಿಂದ ಅವರ ದನಿ ಬಂತು. "ಇದು ಯಾರು ಈಗ? ಎಷ್ಟು ಶುದ್ಧವಾಗಿದೆ ತಾಳ. ಹತ್ತಕ್ಕೆ ಹತ್ತು. ಹೆಸರು ಹೇಳಿ, ಬರ್ಕೋತೀನಿ."

ಹಿಲ್ಡಾ ಹಲಗೆಯ ಸಂದಿಗೆ ಬಗ್ಗಿ ಹೇಳಿದಳು.

"ಸಿರಿಲ್ ಗ್ರಿಮ್‌ಶಾ ಅವರು ಅಂತ ಬರ್ಕೊಳ್ಳಿ. ಟ್ಯಾಕ್ಲರ್."